ಕುರ್ಚಿಯ ಮೇಲೆ ಬಿಡದ ವಲ್ಲಿ

ಖಾನಾಪುರ ತಾಲೂಕು
ಸೋಮವಾರ, 21 ಏಪ್ರಿಲ್ 2025

ತಂಗಿ ಶಿವಲಿಂಗವ್ವನಿಗೆ ಅಕ್ಕ ಬಸವಣ್ಣೆವ್ವನ ಶರಣು.

ಪಂಚಾಯಿತಿಯ ಸಭೆಯಾದ ದಿನದಿಂದ ಫೋನು ಹಚ್ಚುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಪೂರ್ಣಿಮಾಳ ಬಾಣಂತನದ ಗಡಿಬಿಡಿ, ಕೂಸಿಗೆ ಎರೆಯುತ್ತಿರಬೇಕು ಎಂದು ಮೊದಲು ಸಮಾಧಾನ ಮಾಡಿಕೊಂಡೆ. ನನ್ನ ಮೇಲೆ ಸಿಟ್ಟಾಗಿದ್ದೀ ಎಂದು ಆಮೇಲೆ ತಿಳಿಯಿತು. ಅದಕ್ಕೇ ಇವತ್ತು ಲಿಂಗಪೂಜೆ ಮುಗಿಸಿ ಕಾಗದ ಹಿಡಿದು ಕುಳಿತಿದ್ದೇನೆ. ಬೆಳಗಾವಿಗೆ ಹೊರಟಿರುವ ಬಾಜೂ ಮನೆಯ ಕುಂದಾಬಾಯಿಯ ಕೈಯಲ್ಲಿ ಅಂಟಿನ ಉಂಡಿಯ ಡಬ್ಬಿಯ ಜೊತೆ ಕಳಿಸುತ್ತೇನೆ. ಉಂಡಿ ಮಗಳಿಗೆ, ಕಾಗದ ನಿನಗೆ. ಓದಿ ಬೇಕಾದರೆ ಒಲೆಗೆ ಹಾಕು.

ನಿನ್ನ ಗಂಡನ ಪಗಾರ ಹೆಚ್ಚಾಗಲಿಲ್ಲ ಎನ್ನುವುದನ್ನು ನಾನು ಮುಚ್ಚುವುದಿಲ್ಲ. ಹೇಗೆ ಆಗಲಿಲ್ಲ ಎಂಬುದನ್ನಷ್ಟು ಕೇಳು.

ನಿನಗೆ ಗೊತ್ತಿದ್ದದ್ದೇ. ಪಂಚಾಯಿತಿಯ ಕೆಲವರ ಪಗಾರ ಸರಕಾರ ನೋಡಿಕೊಳ್ಳುತ್ತದೆ. ಊರಿನ ತೆರಿಗೆಯ ಮೇಲೆ ಇಟ್ಟುಕೊಂಡವರಿಗೆ ಪ್ರತಿ ವರುಷ ಏಪ್ರಿಲ್‌ನಲ್ಲಿ ನಾವೇ ಹೆಚ್ಚು ಮಾಡಬೇಕು. ಕಸ ಗುಡಿಸುವ ರಾಯಪ್ಪ, ಕಂಪ್ಯೂಟರಿನ ಪ್ರಾಜಕ್ತಾ, ನೀರು ಬಿಡುವ ನಿನ್ನ ರಾಮಲಿಂಗ. ಈ ಸಲವೂ ಹೆಚ್ಚಾಗದಿದ್ದರೆ ಕಣಕುಂಬಿ ದಾಟಿ ಗೋವಾಕ್ಕೆ ಹೋಗುತ್ತೇನೆ, ಯಾವುದಾದರೂ ಹೋಟೆಲಿನ ಬಾಗಿಲು ಕಾಯುತ್ತೇನೆ ಎಂದು ಅವನು ಅಂದದ್ದನ್ನು ನೀನೇ ನನಗೆ ಅತ್ತು ಹೇಳಿದ್ದೆ. ಮರೆತಿಲ್ಲ.

ಸಭೆಯ ದಿನ ಕರೆಂಟು ಇರಲಿಲ್ಲ. ರಾಯಪ್ಪನದಕ್ಕೆ, ಪ್ರಾಜಕ್ತಾಳದಕ್ಕೆ ಎಲ್ಲರೂ ಹೂಂ ಅಂದರು. ಪಿಡಿಓ ಚೇತನ ಸಾಹೇಬರು ರಾಮಲಿಂಗನ ಹೆಸರು ಓದಿದರು. ನಾನು ಕುರ್ಚಿ ಬಿಟ್ಟು ಎದ್ದೆ. ನನ್ನ ತಂಗಿಯ ಗಂಡ, ನಾನು ಇಲ್ಲಿ ಇರುವುದು ಸರಿಯಲ್ಲ ಎಂದೆ. ಸಾಹೇಬರು, "ಕುಂದರ್ರಿ ಅಕ್ಕಾರ, ನೀವು ಕುಂತರ ಏನೂ ತಪ್ಪಿಲ್ರಿ" ಅಂದರು. ಉಪಾಧ್ಯಕ್ಷ ಮಾರ್ತಾಂಡ ನಕ್ಕು, "ಹೋಗ್ಲಿ ಬಿಡ್ರಿ ಸಾಹೇಬ್ರ, ವೈನಿ ದೇವರಂಥಾಕಿ. ದೇವರು ಹೊರಗ ಇರಲಿ, ಕಾರಭಾರ ಒಳಗ ನಡೀಲಿ" ಅಂದ. ಎಲ್ಲರೂ ನಕ್ಕರು. ನಾನು ಹೊರಗೆ ಪಡಸಾಲೆಯಲ್ಲಿ ನಿಂತು ಶಿವನಾಮ ಹೇಳಿಕೊಂಡೆ.

ಒಳಗೆ ಬರುವುದರೊಳಗೆ ತೀರ್ಮಾನ ಆಗಿತ್ತು. ಉಳಿದ ಇಬ್ಬರಿಗೂ ಹೆಚ್ಚು, ರಾಮಲಿಂಗನಿಗೆ ಈ ವರುಷ ಇಲ್ಲ. ಯಾಕೆ ಎಂದು ಕೇಳಿದೆ. ಹಿರಿಯ ಮೆಂಬರ ಗುರುಪುತ್ರಪ್ಪ ಕಾಕಾ ನನ್ನ ಕೈಯಲ್ಲಿದ್ದ ಅಪ್ಪನ ಹೆಗಲಬಟ್ಟೆಯ ಕಡೆ ನೋಡಿ, "ಎದ್ದು ಹೋಗೂಮುಂದ ವಲ್ಲಿನೂ ತಗೊಂಡು ಹೋದಿ ಅಲ್ಲವಾ. ಅಕ್ಕನ ಮನಸ್ಸಿನ್ಯಾಗನ ಇಲ್ಲ ಅಂದಮ್ಯಾಲ ನಾವ್ಯಾರು ಕೊಡಾಕ" ಅಂದ.

ನೀನು ಸಣ್ಣಾಕಿ, ನಿನಗೆ ನೆನಪಿರಲಿಕ್ಕಿಲ್ಲ. ಅಪ್ಪ ಚಾವಡಿ ಕಟ್ಟೆಯ ಮೇಲೆ ಪಂಚನಾಗಿ ಕೂಡುತ್ತಿದ್ದಾಗ ಬೀಗರ ತಂಟೆ ಬಂದರೆ ಕಟ್ಟೆ ಇಳಿದು ಬಿಡುತ್ತಿದ್ದ. ಆದರೆ ಹೆಗಲ ಮೇಲಿನ ವಲ್ಲಿಯನ್ನು ಕೂತ ಜಾಗದಲ್ಲೇ ಬಿಟ್ಟು ಇಳಿಯುತ್ತಿದ್ದ. ಬೇರೆ ಮನೆತನದವರೊಬ್ಬರು ಅದನ್ನು ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡು ಆ ಬೀಗನ ಪರವಾಗಿ ಮಾತಾಡಬೇಕು. ವಲ್ಲಿ ತೆಗೆದುಕೊಂಡು ಇಳಿದರೆ ಇವನಿಗಾಗಿ ಯಾರೂ ಮಾತಾಡುವುದು ಬೇಡ ಎಂದು ಅರ್ಥ. ಅದೇ ವಲ್ಲಿಯನ್ನು ನಾನು ಪ್ರತಿ ಸಭೆಗೂ ಒಯ್ದು ಕುರ್ಚಿಯ ಬೆನ್ನಿಗೆ ಹಾಕಿ ಕೂಡುತ್ತೇನೆ. ಅವತ್ತು ಸೆಕೆಗೆ ಮುಖ ಒರೆಸಿಕೊಂಡೆ, ಹಾಗೇ ಕೈಯಲ್ಲಿ ಉಳಿಯಿತು, ಲಕ್ಷ್ಯವೇ ಇರಲಿಲ್ಲ. ಹಾಗಲ್ಲ ಕಾಕಾ, ನನ್ನ ಮನಸ್ಸಿನಲ್ಲಿ ಇದೆ ಎಂದು ಹೇಳಿದೆ. ಮಾರ್ತಾಂಡ ಮುಂದಿನ ವಿಷಯ ಓದಿಸಿದ. ನಾನು ಸಹಿ ಮಾಡಿದೆ. ದಣಿದಿದ್ದೆ ತಂಗಿ. ಅಧ್ಯಕ್ಷಳಾದಾಗಿನಿಂದ ಆ ಕೋಣೆಯಲ್ಲಿ ನನ್ನ ಮಾತು ಗೋಡೆಗೆ ಹೇಳಿದ ಹಾಗೆ. ಚಹಾ ಯಾವಾಗ ತರಿಸಬೇಕು ಎನ್ನುವುದನ್ನಷ್ಟೇ ನನ್ನನ್ನು ಕೇಳುತ್ತಾರೆ.

ಮರುದಿನ ಮುಂಜಾನೆ ರಾಮಲಿಂಗ ಎಂದಿನಂತೆ ವಾಲ್ವ್ ತಿರುವಿ ಬಂದು ನಮ್ಮ ಅಂಗಳದಲ್ಲಿ ನಿಂತ. ದಿನಾ "ಅಕ್ಕಾರ, ನೀರ ಬಂತೇನ್ರಿ" ಅನ್ನುವವನು ಅವತ್ತು "ಅಧ್ಯಕ್ಷರ, ನೀರ ಬಂತೇನ್ರಿ" ಅಂದ. ಬಂತಪ್ಪ, ಚಹಾ ಕುಡಿ ಬಾ ಅಂದೆ. ಮ್ಯಾಲಿನ ಓಣಿಗೆ ನೀರು ಬಿಡಬೇಕು ಅಂತ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಬರುವ ತಿಂಗಳ ಸಭೆಗೆ ಈ ವಿಷಯ ಮತ್ತೆ ಇಡಬೇಕೆಂದು ಸಾಹೇಬರಿಗೆ ಬರೆದು ಕೊಟ್ಟಿದ್ದೇನೆ. ಆಗುತ್ತದೆ ಎಂದು ಮಾತು ಕೊಡಲಾರೆ. ಅಲ್ಲಿಯವರೆಗೆ ಗೋವಾದ ದಾರಿ ಹಿಡಿಯಬೇಡ ಎಂದು ನೀನು ಅವನಿಗೆ ಹೇಳು. ನಾನು ಹೇಳಿದರೆ ಅದು ಅಧ್ಯಕ್ಷರ ಮಾತಾಗುತ್ತದೆ.

ಕೂಸಿನ ನೆತ್ತಿಗೆ ನನ್ನ ಹೆಸರಿನಲ್ಲಿ ಒಂದಿಷ್ಟು ಎಣ್ಣೆ ಒತ್ತು.

ನಿನ್ನ ಅಕ್ಕ,
ಬಸವಣ್ಣೆವ್ವ

ತಾ.ಕ.: ಡಬ್ಬಿ ಕಟ್ಟಿದ ಮೇಲೆ ಮತ್ತೆ ಬಿಚ್ಚಿದೆ. ಪೂಜೆ ಮಾಡಿದ ಕೈಯಿಂದ ಸುಳ್ಳು ಬರೆದು ಕಳಿಸಲು ಆಗಲಿಲ್ಲ. ಸೆಕೆಗೆ ಮರೆತದ್ದಲ್ಲ. ಎದ್ದಾಗ ವಲ್ಲಿ ಕುರ್ಚಿಯ ಮೇಲೇ ಇತ್ತು, ಅಪ್ಪನೂ ನೆನಪಿದ್ದ. ಸುತ್ತಲಿನ ಮುಖ ನೋಡಿದೆ. ನಾನು ಬಿಟ್ಟು ಹೋಗಿ, ಯಾರೂ ಎತ್ತದೆ ಅದು ಅಲ್ಲೇ ಬಿದ್ದಿದ್ದರೆ ಎಂದು ಅಂಜಿ ತಗೊಂಡು ಹೋದೆ. ಸಭೆ ಮುಗಿದು ಹೊರಗೆ ಬಂದ ಮೇಲೆ ಗುರುಪುತ್ರಪ್ಪ ಕಾಕಾ ಹೇಳಿದ, "ನಾ ಎತ್ತತಿದ್ದೆನವಾ."