ನೀನು ತಂದ ನಾಣ್ಯ

ಮನೆಯಿಂದ,
ಶನಿವಾರ, ನವೆಂಬರ್ ೧೪

ನನ್ನ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯೆ? ಚಳಿ ಬಂತೆಂದರೆ ಹಿಡಿಯುವ ಕೆಮ್ಮು ಈ ಸಲವೂ ಕಾಡುತ್ತಿದೆಯೆ? ಬಿಸಿನೀರು ಕುಡಿ ಎಂದರೆ ಮೂಗು ಮುರಿಯುತ್ತೀಯೆ, ಗೊತ್ತು. ನಿನ್ನ ವಿಳಾಸವನ್ನು ಚಿಕ್ಕಮ್ಮನಿಂದ ಕಾಡಿ ಬೇಡಿ ಪಡೆದೆ. ಪಾಪ, ಅವಳನ್ನು ಬೈಯಬೇಡ. ನನ್ನ ಮೊಣಕಾಲು, ಸಕ್ಕರೆ ಎಲ್ಲ ಹದದಲ್ಲಿವೆ. ಆದರೆ ಮನೆ ಬಿಕೋ ಎನ್ನುತ್ತದೆ, ಪುಟ್ಟಿ. ಒಬ್ಬಳಿಗೆ ಅಡುಗೆ ಮಾಡುವ ಅಳತೆ ಆರು ವರ್ಷವಾದರೂ ಕೈಗೆ ಹತ್ತಿಲ್ಲ. ಮಿಕ್ಕಿದ್ದನ್ನು ಮರುದಿನವೂ ನಾನೇ ತಿನ್ನುತ್ತೇನೆ. ಟಿ.ವಿ.ಯಲ್ಲಿ ಯಾರೋ ನಕ್ಕರೆ ಸಾಕು, ಒಲೆಯ ಮುಂದಿನಿಂದಲೇ "ಏನೇ ಅದು?" ಎಂದು ಕೇಳಿಬಿಡುತ್ತೇನೆ.

ಕಚೇರಿಯಲ್ಲಿ ಈಗ ಹಳೆಯ ನಾಣ್ಯವನ್ನು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಮುಗಿಯಿತು ಎನ್ನುವಂತಿಲ್ಲ. ಕಳ್ಳರು ನಾಣ್ಯದ ಜೊತೆಗೆ ನಮ್ಮ ಡಬ್ಬಿಯನ್ನೂ ನಕಲು ಮಾಡತೊಡಗಿದ್ದರು. ಚೀಟಿ, ಮುದ್ರೆ, ಸಂಖ್ಯೆ ಎಲ್ಲ ಥೇಟ್ ನಮ್ಮದೇ. ಅದಕ್ಕೆ ಡಬ್ಬಿಯೊಳಗೆ ಅಕ್ಕಿಕಾಳಿಗಿಂತ ಚಿಕ್ಕದೊಂದು ಚಿಪ್ ಕೂರಿಸುತ್ತೇವೆ. ಕೊಳ್ಳುವವರು ಫೋನ್ ತಾಗಿಸಿದರೆ ಸಾಕು, ಆ ನಾಣ್ಯದ ಜಾತಕವೆಲ್ಲ ಪರದೆಯ ಮೇಲೆ ಬರುತ್ತದೆ: ತೂಕ, ದರ್ಜೆ, ಪರೀಕ್ಷಿಸಿದವರ ಹೆಸರು, ಷರಾ. ಡಬ್ಬಿ ಮುಚ್ಚುವ ಮುನ್ನ ಬರೆದದ್ದೇ ಕೊನೆ. ಆಮೇಲೆ ಒಂದಕ್ಷರ ತಿದ್ದಲಾಗದು. ಜೊತೆಯವರು ಬೆನ್ನ ಹಿಂದೆ ನನ್ನನ್ನು ಈಗಲೂ ಭೂತಗನ್ನಡಿ ಎಂದೇ ಕರೆಯುತ್ತಾರೆ. ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ.

ಹಳೆಯ ಕಪಾಟು ಖಾಲಿ ಮಾಡುವಾಗ ನಿನ್ನ ನಾಣ್ಯ ಸಿಕ್ಕಿತು. ಗುಜರಿ ಅಂಗಡಿಯ ತಗಡಿನ ಡಬ್ಬದಿಂದ ಹೆಕ್ಕಿ, ಏದುಸಿರು ಬಿಡುತ್ತ ಬಂದು ನನ್ನ ಮೇಜಿನ ಮೇಲೆ ಇಟ್ಟಿದ್ದೆಯಲ್ಲ, ಅದೇ. ಮನೆಯವರು ತಂದ ನಾಣ್ಯವನ್ನು ನಾವು ನೋಡಕೂಡದು, ಬೇರೆಯವರಿಗೆ ದಾಟಿಸಬೇಕು ಎಂಬುದು ಕಚೇರಿಯ ಮೊದಲ ನಿಯಮ. ಮರುವಾರ ನೀನೂ ಅಲ್ಲೇ ಕೆಲಸಕ್ಕೆ ಸೇರುವವಳಿದ್ದೆ. ಮಗಳೆಂದು ಮೃದುವಾದಳು ಎಂದು ಯಾರೂ ಆಡಿಕೊಳ್ಳಬಾರದೆಂಬ ಹಟಕ್ಕೆ ಆ ನಿಯಮವನ್ನೂ ಮೀರಿ ನಾನೇ ಎತ್ತಿ ನೋಡಿದೆ. ಅಂಚಿನ ಬಳಿ ಕೂದಲೆಳೆಯಷ್ಟು ಗೆರೆ. ಎರಕ ಹೊಯ್ದ ನಕಲಿಗೆ ಬೀಳುವ ಗೆರೆ ಎಂದುಕೊಂಡೆ. "ನಕಲಿ. ಇಷ್ಟೂ ಕಾಣದ ಕಣ್ಣಿಗೆ ಈ ಕೆಲಸ ಯಾಕೆ?" ಎಂದೆ, ಎಂಟು ಜನರ ಎದುರಿಗೆ. ನೀನು ಕೆಲಸಕ್ಕೂ ಸೇರಲಿಲ್ಲ, ಮನೆಯಲ್ಲೂ ನಿಲ್ಲಲಿಲ್ಲ. ಹೊರಡುವಾಗ "ಒಂದ್ಸಲ ಬೇರೆಯವರಿಗೆ ತೋರಿಸ್ಬೋದಿತ್ತಲ್ಲಮ್ಮಾ" ಎಂದೆ. ನಾನು ಕೇಳಿಸದವಳಂತೆ ಕುಕ್ಕರ್ ಇಳಿಸಲು ಹೋದೆ.

ಹೋದ ವಾರ ಅದನ್ನು, ಯಾರದೆಂದು ಹೇಳದೆ, ಪಕ್ಕದ ಕೋಣೆಯ ಮೂವರು ಪರೀಕ್ಷಕರಿಗೆ ದಾಟಿಸಿದೆ. ಅವರು ಹೇಳಿದ್ದನ್ನು ಬರೆಯಲು ಕೂತು ಎರಡು ಹಾಳೆ ಹರಿದುಹಾಕಿದ್ದೇನೆ. ಇರಲಿ. ಎದುರುಮನೆಯವರು ಖಾಲಿ ಮಾಡಿದರು. ನಿನ್ನ ಕೋಣೆಯ ಕಿಟಕಿ ಬಿಗಿದುಕೊಂಡಿದೆ, ಬಡಗಿಯನ್ನು ಕರೆಸಬೇಕು. ಚಿಕ್ಕಮ್ಮ ನಿನ್ನ ಸುದ್ದಿ ಹೇಳುವಾಗ ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡು ಒಂದಕ್ಷರ ಬಿಡದೆ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ, ಮಗಳೇ.

ನಿನ್ನ
ಅಮ್ಮ

ತಾ.ಕ.: ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಬಿಟ್ಟದ್ದು. ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ನಾಣ್ಯ ಅಸಲಿ. ಮೂವರೂ ಅದನ್ನೇ ಹೇಳಿದರು. ಟಂಕಸಾಲೆಯ ಅಚ್ಚೇ ಬಿರುಕು ಬಿಟ್ಟು ಬಂದ ಗೆರೆ ಅದು. ನಿನ್ನ ಹೆಸರಿನಲ್ಲೇ ಮುಚ್ಚಿಸಿ ಈ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಡಬ್ಬಿಗೆ ಫೋನ್ ತಾಗಿಸು. ಷರಾದಲ್ಲಿ ನನ್ನ ಹೆಸರು ಹಾಕಿಯೇ ಬರೆಸಿದ್ದೇನೆ: "ಹುಡುಕಿದವಳ ಕಣ್ಣು ಸರಿಯಾಗಿತ್ತು. ನಕಲಿ ಎಂದ ಪರೀಕ್ಷಕಿಯದೇ ತಪ್ಪು." ಇನ್ನು ನಾನೇ ಮನಸ್ಸು ಬದಲಿಸಿದರೂ ಅದನ್ನು ಅಳಿಸಲಾಗದು. ಓದಿ ಮುಗಿಸಿದಾಗ ಫೋನ್ ಹೇಗೂ ಕೈಯಲ್ಲೇ ಇರುತ್ತದೆ, ಪುಟ್ಟಿ. ನನ್ನ ನಂಬರ್ ಅದೇ ಇದೆ.