ಯಾರೂ ಕೋರದ ಹಾಡುಗಳು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಒಂಬತ್ತು ಹಾಡಿಗೆ ಒಂಬತ್ತು ಜನ ಬೇಕು. ಏಳು ಜನ ಆದರು. ಅಂಚೆಯಣ್ಣ, ಪರೀಕ್ಷೆಗೆ ಓದುತ್ತಿರುವ ಅವಳಿ ಅಕ್ಕತಂಗಿಯರು, ಪಾರ್ಕಿನ ಕಾವಲುಗಾರ... ಕಾವಲುಗಾರನನ್ನು ಹೋದ ತಿಂಗಳೂ ಕರೆದಿದ್ದೆ, ಸತ್ತ ನಾಯಿಯ ನೆನಪಿಗೆ ಒಂದು ಹಾಡು. ಇರಲಿ, ಯಾರಿಗೆ ನೆನಪಿರುತ್ತದೆ.

ಹಾಡುಗಳ ಪಟ್ಟಿ ಶನಿವಾರವೇ ಬಂದಿತ್ತು. ಮ್ಯೂಸಿಕ್ ಕಂಪನಿಯಿಂದ ಪಟ್ಟಿ ಮಾವ ಬರುತ್ತಾರೆ, ಮ್ಯಾನೇಜರ್ ಕೋಣೆಗೆ ಹೋಗುತ್ತಾರೆ, ಪಟ್ಟಿಯ ಜೊತೆ ಒಂದು ಕವರ್ ಇಟ್ಟು ನಗುತ್ತಾ ಹೊರಬೀಳುತ್ತಾರೆ. ಕವರ್ ಒಳಗೇ ಉಳಿಯುತ್ತದೆ. ಪಟ್ಟಿ ನನ್ನ ಮೇಜಿಗೆ ಬರುತ್ತದೆ. ನಮ್ಮ ರೇಡಿಯೋ ಕಾರ್ಯಕ್ರಮದ ಹೆಸರು 'ಕೇಳುಗರ ಕೋರಿಕೆ', ಹನ್ನೊಂದರಿಂದ ಹನ್ನೆರಡು. ಆ ಹಾಡುಗಳನ್ನು ಕೋರಿದ ಕೇಳುಗರನ್ನು ಹುಟ್ಟಿಸುವುದು ನನ್ನ ಕೆಲಸ. ಸ್ಟುಡಿಯೋದ ಫೋನನ್ನು ಮ್ಯೂಟ್ ಮಾಡಿ ನಾಲ್ಕು ವರ್ಷವಾಯಿತು.

ಎಂಟನೆಯವನು ಲಿಫ್ಟ್ ಮೆಕ್ಯಾನಿಕ್. ಹೆಂಡತಿ ಮೆಟ್ಟಿಲಿಂದ ಜಾರಿ ಕಾಲು ಮುರಿದುಕೊಂಡಿದ್ದಾಳೆ. ಲಿಫ್ಟಿನವನ ಹೆಂಡತಿ ಮೆಟ್ಟಿಲಿಂದ! ಓದುವಾಗ ನಗಾರಿ ನಗದಿದ್ದರೆ ಸಾಕು. (ನಗಾರಿ ಅಂದರೆ ನಮ್ಮ ನಿರೂಪಕ. ಮೈಕ್ ಇಲ್ಲದಿದ್ದರೂ ಇಡೀ ಮಹಡಿಗೆ ಕೇಳುವ ಗಂಟಲು.)

ಇನ್ನೊಬ್ಬರು ಬೇಕು. ಟೀ ಕುಡಿದು ಬರುವೆ.

ಅದೇ ದಿನ, ಸಂಜೆ

ಅಮ್ಮ ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಆ ಲಿಫ್ಟಿನವನ ಹೆಂಡತಿಗೆ ಯಾವ ಕಾಲೇ?"

"ಯಾರಮ್ಮ?"

"ನಿಮ್ಮ ರೇಡಿಯೋದಲ್ಲೇ ಹೇಳಿದ್ರಲ್ಲ. ಎಡಗಾಲೋ ಬಲಗಾಲೋ?"

"ನಂಗೇನು ಗೊತ್ತು."

"ಕೇಳ್ಕೊಂಡು ಬಾ."

ಹೂಂ ಅಂದೆ. ಹೂಂ ಅನ್ನುವುದು ನನಗೆ ನೀರು ಕುಡಿದಷ್ಟು ಸಲೀಸು.

ಮಾರ್ಚ್ 6, ಗುರುವಾರ

ಮೇಜಿನ ಮೇಲೆ ಒಂದು ನೈಟಿ. ತಿಳಿನೀಲಿ, ಮೆತ್ತನೆಯ ಹತ್ತಿ. ಅಮ್ಮ ಮಂಡಿಯಿಂದ ಕೆಳಗೆ ಅಂಚನ್ನು ಸೀಳಿ ಗುಂಡಿ ಇಟ್ಟಿದ್ದಾಳೆ.

"ನೀನಂತೂ ಕೇಳ್ಕೊಂಡು ಬರಲ್ಲ. ಅದಕ್ಕೇ ಎರಡೂ ಬದಿ ಬಿಟ್ಟಿದೀನಿ. ಯಾವ ಕಾಲಾದ್ರೂ ನಡೆಯುತ್ತೆ."

"ಯಾಕಮ್ಮ ಇದೆಲ್ಲ..."

"ನನ್ನ ಕಾಲು ಮುರಿದಾಗ ಪ್ಲಾಸ್ಟರ್ ಮೇಲೆ ಬಟ್ಟೆ ಏರಿಸೋಕೆ ಪಟ್ಟ ಪಾಡು ನಂಗೊತ್ತು. ನೀನು ಆಗ ಚಿಕ್ಕವಳು. ಅವರ ವಿಳಾಸ ಆಫೀಸಲ್ಲಿ ಇರುತ್ತಲ್ಲ, ಕೊಟ್ಟುಬಿಡು."

ಚೀಲದಲ್ಲಿ ಹಾಕಿಕೊಂಡು ಹೋದೆ. ನನ್ನ ಡ್ರಾಯರ್‌ನಲ್ಲಿದೆ. ಡ್ರಾಯರ್ ತೆಗೆಯಲು ಮನಸ್ಸಾಗುತ್ತಿಲ್ಲ. ಪೆನ್ನು ನಗಾರಿಯಿಂದ ಕಡ ತಂದೆ.

ಸಂಜೆ ಅಮ್ಮ: "ಕೊಟ್ಯಾ?"

ಕೊಟ್ಟೆ ಅಂದೆ.

"ಏನಂದ್ಳು?"

ಖುಷಿಪಟ್ಟಳು ಅಂದೆ. ಅಮ್ಮ ಆಮೇಲೆ ಗುನುಗುತ್ತಾ ಹೊಲಿದಳು. ಪಟ್ಟಿಯಲ್ಲಿದ್ದ ಎಂಟನೆಯ ಹಾಡೇ.

ಮಾರ್ಚ್ 11, ಮಂಗಳವಾರ

ಆಫೀಸಿನ ಕೆಳಗಡೆ ಸೋಫಾದಲ್ಲಿ ಒಬ್ಬ ಕೂತಿದ್ದ. ಮೂರನೆಯ ಸಲ ನೋಡುತ್ತಿದ್ದೇನೆ. ಅಂಗೈ ತುಂಬ ಕಿಡಿ ಸಿಡಿದ ಕಲೆ. ವೆಲ್ಡರ್ ಅಂತೆ. ತಾನೇ ಹಾಡಿದ ಹಾಡಿನ ಪೆನ್‌ಡ್ರೈವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದ.

"ಮೇಡಂ, ನೇರ ಕೇಳ್ತೀನಿ, ತಪ್ಪು ತಿಳೀಬೇಡಿ. ಒಂದು ಹಾಡು ರೇಡಿಯೋದಲ್ಲಿ ಬರೋಕೆ ಎಷ್ಟಾಗುತ್ತೆ?"

"ಹಾಗಂತ ಯಾರು ಹೇಳಿದ್ರು?"

"ಪಟ್ಟಿ ತರೋರೇ. ಅವರು ಹೇಳಿದ ದುಡ್ಡು ಹೊಂದಿಸ್ಬೇಕು ಅಂದ್ರೆ ನನ್ನ ದೊಡ್ಡ ವೆಲ್ಡಿಂಗ್ ಮಷೀನು ಮಾರ್ಬೇಕು. ಒಬ್ಬ ಬಂದು ನೋಡ್ಕೊಂಡೂ ಹೋದ. ಕೊಡೋ ಮುಂಚೆ ನಿಮ್ಮನ್ನೊಂದು ಮಾತು ಕೇಳೋಣ ಅಂತ..."

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಗೇಟು ಮಾಡುವವನ ಹಾಡು. ಊರಿಗೆಲ್ಲ ಬಾಗಿಲು ಕೂಡಿಸಿಕೊಟ್ಟವನು, ತಾನು ಯಾವ ಬಾಗಿಲಿನಿಂದ ಒಳಗೆ ಬರಲಿ ಎಂದು ಕೇಳುತ್ತಾನೆ. ಮೊದಲ ಚರಣವನ್ನು ಡ್ರಮ್ಮು ನುಂಗಿಹಾಕಿದೆ. ಎರಡನೆಯ ಚರಣದಲ್ಲಿ ವಾದ್ಯವೇ ಇಲ್ಲ, ಬರೀ ಕಂಠ. ಮೈ ಜುಂ ಎಂದಿತು.

"ಇಲ್ಲಿ ವಾದ್ಯ ತೆಗೆಸಿದ್ದು ಯಾರ ಐಡಿಯಾ?"

"ಐಡಿಯಾ ಏನಿಲ್ಲ ಮೇಡಂ. ಅಷ್ಟೊತ್ತಿಗೆ ರೆಕಾರ್ಡಿಂಗ್ ಟೈಮ್ ಮುಗೀತು. ಬಾರಿಸೋರು ಎದ್ದು ಹೋದ್ರು."

ಮಷೀನು ಮಾರಬೇಡಿ ಅಂದೆ. ಬಾಯಿಗೆ ಬಂದದ್ದು ಬಂದಂತೆ ಹೊರಬಿತ್ತು. ಎರಡು ವಾರ ಕೊಡಿ ಅಂತಲೂ ಅಂದೆ. ಯಾವ ಧೈರ್ಯದ ಮೇಲೆ, ದೇವರಿಗೇ ಗೊತ್ತು. 

ಮಾರ್ಚ್ 13, ಗುರುವಾರ. ಸಂಜೆ 7

ಅಮ್ಮನಿಗೆ ಹೇಳಿಬಿಟ್ಟೆ.

ನೈಟಿಯನ್ನು ಅವಳ ಮಡಿಲಲ್ಲಿಟ್ಟು ಎಲ್ಲವನ್ನೂ ಹೇಳಿದೆ. ಪಟ್ಟಿ, ಕವರ್, ನಾನು ಬರೆಯುವುದು. ಹೊಲಿಗೆ ಮಷೀನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

"ಹಾಗಾದ್ರೆ ಅವಳು ಇಲ್ಲ."

"ಇಲ್ಲ."

"ಲಿಫ್ಟಿನವನೂ ಇಲ್ಲ."

"ಇಲ್ಲಮ್ಮ."

"ಪಾರ್ಕಿನ ಕಾವಲುಗಾರ? ಅವನ ನಾಯಿ?"

"ನಾಯೀನೂ ಇಲ್ಲ."

ಮಡಿಲಲ್ಲಿದ್ದ ನೈಟಿಯನ್ನು ಮಡಚಿದಳು.

"ಆ ನಾಯಿ ಸತ್ತಾಗ ನಾನು ಅತ್ತಿದ್ದೆ ಕಣೇ."

ಬೈದಿದ್ದರೆ ಚೆನ್ನಾಗಿತ್ತು. ಎದ್ದು ರೇಡಿಯೋದ ವೈರು ಕಿತ್ತು ಸುತ್ತಿಟ್ಟಳು.

ಮಾರ್ಚ್ 17, ಸೋಮವಾರ

ನಾಲ್ಕು ದಿನದಿಂದ ಮನೆಯಲ್ಲಿ ಮಷೀನಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅಮ್ಮ ಊಟಕ್ಕೆ ಕರೆಯುತ್ತಾಳೆ, ಬಡಿಸುತ್ತಾಳೆ, ಅಷ್ಟೇ.

ಇವತ್ತು ಮನೆಗೆ ಬಂದರೆ ಬೀಗ! ಬಾಗಿಲಲ್ಲೇ ಕೂತೆ. ಅರ್ಧ ಗಂಟೆ ಬಿಟ್ಟು ಬಂದಳು, ಕಂಕುಳಲ್ಲಿ ಖಾಲಿ ಚೀಲ. ಸರಕಾರಿ ಆಸ್ಪತ್ರೆಗೆ ಹೋಗಿದ್ದಳಂತೆ, ಮೂಳೆ ವಾರ್ಡಿಗೆ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೊದಲ ಹೆಂಗಸಿಗೆ ನೈಟಿ ಕೊಟ್ಟಳಂತೆ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಬಲಗಾಲು.

"ಪಕ್ಕದ ಮಂಚದೋರೂ ಕೇಳಿದ್ರು. ನಾಲ್ಕು ಹೊಲಿದು ಕೊಡ್ತೀನಿ ಅಂದಿದೀನಿ. ಬಟ್ಟೆ ತರೋಕೆ ನಾಳೆ ನೀನು ನನ್ನ ಜೊತೆ ಬರ್ತೀಯ."

ಕೇಳಿದ್ದಲ್ಲ, ಅಪ್ಪಣೆ. ಅದಾದ ಮೇಲೆ ಚಪ್ಪಲಿ ಬಿಡುತ್ತಾ ಅಂದಳು—

"ನಿಜವಾದ ಜನಾನೇ ಇಷ್ಟೊಂದು ಇದಾರೆ. ನೀನ್ಯಾಕೆ ಹುಟ್ಟಿಸೋಕೆ ಹೋದೆ?"

ಮಾರ್ಚ್ 19, ಬುಧವಾರ

ಮ್ಯಾನೇಜರ್ ಕೋಣೆ. ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತೆ.

"ಸಾರ್, ನಾನಿನ್ನು ಆ ಕೋರಿಕೆಗಳನ್ನ ಬರೆಯಲ್ಲ."

"ಕೆಲಸ ಬಿಡ್ತಿದೀಯಾ?"

"ಬಿಡಲ್ಲ. ಬರೆಯಲ್ಲ, ಅಷ್ಟೇ."

ಕನ್ನಡಕ ತೆಗೆದು ಒರೆಸಿದರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ನೋಡಮ್ಮ, ಟವರ್ ಬಾಡಿಗೆ ಕಟ್ತಿರೋದು ಆ ಕವರ್‌ನಿಂದ. ನಿನ್ನ ಸಂಬಳಾನೂ. ಅದನ್ನ ಬೇಡ ಅನ್ನೋಕೆ ನಿನಗೂ ಆಗಲ್ಲ, ನನಗೂ ಆಗಲ್ಲ."

"ಬೇಡ ಅನ್ನಬೇಡಿ. ಇದು ದುಡ್ಡು ಕೊಟ್ಟು ಹಾಕಿಸಿದ ಹಾಡು ಅಂತ ಹೇಳೇ ಹಾಕೋಣ. ಜಾಹೀರಾತು ಹಾಕಲ್ವಾ, ಹಾಗೆ. ಅಂಚೆಯಣ್ಣ ಕೇಳಿದ್ದು ಅಂತ ಯಾಕೆ ಸಾರ್ ಹೇಳ್ಬೇಕು? ನಂಬೋರಿದಾರೆ. ನಮ್ಮಮ್ಮ ನಂಬಿದ್ಲು."

ಅಮ್ಮನ ನೈಟಿಯ ಕಥೆ ಹೇಳಿದೆ. ನಗುತ್ತಾರೆ ಎಂದುಕೊಂಡೆ. ಕಿಟಕಿ ಕಡೆ ತಿರುಗಿ ನಿಂತರು. ಅಲ್ಲಿಂದಲೇ ಅಂದರು:

"ಕೊನೇ ಅರ್ಧ ಗಂಟೆ ನಿಜವಾದ ಕೇಳುಗರ ಫೋನಿಗೆ ತಗೋ. ಒಂದು ತಿಂಗಳು. ಫೋನ್ ಬರಲಿಲ್ಲ ಅಂದ್ರೆ ಅಂಚೆಯಣ್ಣ ವಾಪಸ್ ಬರ್ತಾನೆ. ಮೊದಲರ್ಧ ಪಟ್ಟಿದು. ಪ್ರಾಯೋಜಿತ ಅಂತ ಹೇಳಿ ಹಾಕು. ಪಟ್ಟಿ ಮಾವನ್ನ ನಾನು ನೋಡ್ಕೋತೀನಿ. ನಿನ್ನ ಇನ್‌ಕ್ರಿಮೆಂಟ್ ಮಾತ್ರ ಮರೆತುಬಿಡು."

ಮರೆತೆ. ಹೊರಗೆ ಬಂದು ಎರಡು ಲೋಟ ನೀರು ಕುಡಿದೆ.

ಮಾರ್ಚ್ 22, ಶನಿವಾರ

ಮೆಟ್ಟಿಲ ಮೇಲೆ ಪಟ್ಟಿ ಮಾವ ಸಿಕ್ಕರು. ಹೋದ ವರ್ಷ ಅವರು 'ಪ್ರೀತಿಯಿಂದ' ಕೊಟ್ಟ ಮೊಬೈಲನ್ನು ವಾಪಸ್ ಕೊಟ್ಟೆ.

"ತಂಗೀ, ಜನಕ್ಕೆ ಏನು ಬೇಕು ಅಂತ ಜನಕ್ಕೇ ಗೊತ್ತಿರಲ್ಲಮ್ಮ. ನಾವು ಹೇಳ್ಬೇಕು."

"ಒಂದು ಸಲ ಕೇಳಿ ನೋಡ್ತೀನಿ ಮಾವ."

ಮೊಬೈಲನ್ನು ತಿರುಗಿಸಿ ತಿರುಗಿಸಿ ನೋಡಿದರು. ಪಾಪ, ನಿಜಕ್ಕೂ ಬೇಜಾರಾದಂತಿತ್ತು.

"ಇದಕ್ಕೊಂದು ರಬ್ಬರ್ ಕವರ್ ಇತ್ತಲ್ಲ... ಅದು?"

ಸೋಮವಾರ ತರುತ್ತೇನೆ ಅಂದೆ.

ಮಾರ್ಚ್ 24, ಸೋಮವಾರ. ಮಧ್ಯಾಹ್ನ 12.20

ಈಗಲೇ ಬರೆದಿಡಬೇಕು.

11.30ಕ್ಕೆ ಫೋನಿನ ಮ್ಯೂಟ್ ತೆಗೆದೆ. ಮಧ್ಯೆ ಗಾಜು, ಆ ಕಡೆ ನಗಾರಿ. ನಂಬರನ್ನು ಮೂರು ಸಲ ಹೇಳಿದ. 11.34, ಸದ್ದಿಲ್ಲ. ಹಳೆಯದೊಂದು ಹಾಡು ಹಾಕಿದ. 11.38, ಸದ್ದಿಲ್ಲ. ನಗಾರಿ ನನ್ನ ಕಡೆ ನೋಡುವುದನ್ನೇ ಬಿಟ್ಟ.

11.41ಕ್ಕೆ ಟ್ರಿಣ್ ಎಂದಿತು! ಇಬ್ಬರೂ ಬೆಚ್ಚಿಬಿದ್ದೆವು, ನಗಾರಿ ಎತ್ತಿಕೊಂಡ.

"ಹಲೋ, ಗ್ಯಾಸ್ ಏಜೆನ್ಸಿನಾ?"

"ಅಲ್ಲ ಸಾರ್, ರೇಡಿಯೋ. ಹೆಂಗೂ ಬಂದಿದೀರಿ, ಒಂದು ಹಾಡು ಕೇಳಿ."

"ಸಿಲಿಂಡರ್ ಸಿಗಲ್ವಾ?"

"ಸಿಲಿಂಡರ್ ಇಲ್ಲ, ಹಾಡಿದೆ."

ಆ ಮನುಷ್ಯ ಯೋಚಿಸಿದ. ಅವನ ತಾಯಿ ಹಾಡುತ್ತಿದ್ದ ಯಾವುದೋ ಹಾಡು ಕೇಳಿದ. ಅದು ನಮ್ಮ ಹತ್ತಿರ ಇಲ್ಲ. ಎಲ್ಲೂ ರೆಕಾರ್ಡ್ ಆಗಿರಲಾರದು. ನಗಾರಿ ನೀವೇ ಹಾಡಿ ಎಂದ. ಆ ಮನುಷ್ಯ ಹಾಡಿಯೇಬಿಟ್ಟ, ನಾಲ್ಕು ಸಾಲು, ಶ್ರುತಿ ಎಲ್ಲೆಲ್ಲೋ. ನಾನು ಮೇಜಿನ ಅಂಚು ಹಿಡಿದು ನಕ್ಕೆ, ಕಣ್ಣಲ್ಲಿ ನೀರು.

ಆಮೇಲೆ ಮತ್ತೆ ಮೌನ. 11.52. ಒಂದು ಚೀಟಿ ಬರೆದು ಒಳಗೆ ಹೋಗಿ ಅವನ ಮುಂದಿಟ್ಟೆ. ನಗಾರಿ ಓದಿದ, ನನ್ನ ಮುಖ ನೋಡಿದ. ಮೈಕಿಗೆ ಬಾಗಿ ಓದಿದ:

"ಮುಂದಿನ ಹಾಡು ಒಬ್ಬ ವೆಲ್ಡರ್ ಹಾಡಿದ್ದು. ಇದಕ್ಕೆ ಯಾರೂ ದುಡ್ಡು ಕೊಟ್ಟಿಲ್ಲ. ಕೋರಿದವರು, ಈ ಕಾರ್ಯಕ್ರಮಕ್ಕೆ ಸ್ಕ್ರಿಪ್ಟ್ ಬರೆಯುವವರು."

ನಾಲ್ಕು ವರ್ಷದಲ್ಲಿ ನಾನು ಬರೆದ ಮೊದಲ ನಿಜವಾದ ಕೋರಿಕೆ.

ಮಾರ್ಚ್ 25, ಮಂಗಳವಾರ

ಮೂರು ಕರೆ. ಒಬ್ಬರು ನಗಾರಿಯ ಜೊತೆ ಖಾರವಾಗಿಯೇ ಮಾತಾಡಿದರು.

"ನಿನ್ನೆ ಹಾಕಿದ ಗೇಟಿನ ಹಾಡು ಚೆನ್ನಾಗಿಲ್ಲ ರೀ. ತಲೆನೋವು ಬಂತು."

"ಕ್ಷಮಿಸಿ ಅಮ್ಮ. ಇವತ್ತು ಯಾವುದು ಹಾಕಲಿ?"

"ಅದರ ಎರಡನೇ ಚರಣ ಇನ್ನೊಂದು ಸಲ ಹಾಕಿ."

ವೆಲ್ಡರ್‌ಗೆ ಫೋನ್ ಮಾಡಿ ತಿಳಿಸಿದೆ. ಗ್ರೈಂಡರ್ ಸದ್ದಿನ ಮಧ್ಯೆ "ಏನಂದ್ರು, ಏನಂದ್ರು?" ಎಂದು ಕಿರುಚಿದ. ನಾನೂ ಕಿರುಚಿದೆ. ಆಫೀಸಿಗೆಲ್ಲ ಕೇಳಿಸಿತು.

ಏಪ್ರಿಲ್ 11, ಶುಕ್ರವಾರ

ಬರೆಯಲು ಪುರುಸೊತ್ತಿಲ್ಲ. ಇವತ್ತು ಹದಿನೇಳು ಕರೆ. ತೆಗೆದುಕೊಳ್ಳಲು ಆದದ್ದು ಆರು. ಅದರಲ್ಲೊಬ್ಬರು, ಪಟ್ಟಿಯಲ್ಲಿದ್ದ ಹಾಡನ್ನೇ ಕೇಳಿದರು! ಹಾಕಿದೆವು. ಇಷ್ಟವಾದರೆ ಇಷ್ಟ, ಬೇಡ ಅನ್ನಲು ನಾನ್ಯಾರು.

ಕಂಪನಿ ಪಟ್ಟಿಯಿಂದ ಎರಡು ಹಾಡು ಹಿಂದಕ್ಕೆ ತೆಗೆದುಕೊಂಡಿದೆ. ಪ್ರಾಯೋಜಿತ ಎಂದರೆ ಮರ್ಯಾದೆ ಹೋಗುತ್ತದಂತೆ. ಮ್ಯಾನೇಜರ್ ಗೊಣಗುತ್ತಿದ್ದಾರೆ. ಆದರೆ ಮೂಲೆಯ ಕನ್ನಡಕದ ಅಂಗಡಿಯವನು ನಮ್ಮ ಅರ್ಧ ಗಂಟೆಯಲ್ಲೇ ಜಾಹೀರಾತು ಬೇಕು ಎಂದು ಬಂದಿದ್ದ. ಗೊಣಗಾಟ ಅಲ್ಲಿಗೆ ನಿಂತಿತು.

ವೆಲ್ಡರ್ ಮಷೀನು ಮಾರಲಿಲ್ಲ. ಹೆಸರೇನೂ ಬಂದಿಲ್ಲ. ಗೇಟು ಮಾಡಿಸಲು ಬಂದ ಇಬ್ಬರು ಹಾಡಿಸಿ, ಚೌಕಾಸಿ ಮಾಡದೆ ಹೋದರಂತೆ. ಮೊದಲ ಚರಣವನ್ನು ಡ್ರಮ್ಮಿಲ್ಲದೆ ಮತ್ತೆ ಹಾಡುತ್ತಾನಂತೆ.

ಅಮ್ಮ ರೇಡಿಯೋದ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದ್ದಾಳೆ. ಹೇಳಲಿಲ್ಲ. ನಾನೇ ನೋಡಿದೆ.

ಏಪ್ರಿಲ್ 24, ಗುರುವಾರ

ಒಂದು ತಿಂಗಳಾಯಿತು. ಮ್ಯಾನೇಜರ್ ಕರೆಯುತ್ತಾರೇನೋ ಎಂದು ಬೆಳಿಗ್ಗೆಯಿಂದ ಕಾದೆ. ಕರೆಯಲಿಲ್ಲ. ನಾಲ್ಕು ಗಂಟೆಗೆ ನಾನೇ ಹೋಗಿ ಬಾಗಿಲಲ್ಲಿ ನಿಂತೆ.

"ಏನಮ್ಮ?"

"ತಿಂಗಳಾಯ್ತು ಸಾರ್."

"ಹೌದಾ? ನಾನು ಎಣಿಸಲಿಲ್ಲ. ಹೋಗು, ಕೆಲಸ ನೋಡು."

ಮೇ 5, ಸೋಮವಾರ. ಬೆಳಿಗ್ಗೆ 11.24

ನಗಾರಿಯ ಗಂಟಲು ಕಟ್ಟಿದೆ. ಪಿಸುಮಾತೂ ಹೊರಡುತ್ತಿಲ್ಲ. ಬೇರೆ ಯಾರೂ ಇಲ್ಲ. ಕೈಸನ್ನೆಯಲ್ಲಿ ನನ್ನನ್ನು ಕುರ್ಚಿಗೆ ತಳ್ಳಿ, ಹೆಡ್‌ಫೋನ್ ತಾನೇ ಹಾಕಿದ. ಹನ್ನೊಂದು ವರ್ಷದ ಕೆಲಸ, ಮೈಕಿನ ಮುಂದೆ ಇದೇ ಮೊದಲು. ಕೈ ಸುಮ್ಮನಿರಲಿ ಎಂದು ಇಲ್ಲೇ ಕೂತು ಬರೆಯುತ್ತಿದ್ದೇನೆ.

11.29. ಕೊನೆಯ ಜಾಹೀರಾತು. ಹೇಳಬೇಕಾದದ್ದನ್ನು ಬರೆದುಕೊಳ್ಳೋಣ ಎಂದರೆ ಒಂದು ಸಾಲೂ ಹೊಳೆಯುತ್ತಿಲ್ಲ. ಎಷ್ಟು ಜನರ ಮಾತು ಬರೆದಿದ್ದೇನೆ ನಾನು...

ನಂಬರ್ ಹೇಳುವ ಮೊದಲೇ ಫೋನಿನ ದೀಪ ಮಿನುಗುತ್ತಿದೆ. ಒಂದಲ್ಲ, ಎರಡು. ಗಾಜಿನಾಚೆ ನಗಾರಿ ಬೆರಳು ಮಡಚುತ್ತಿದ್ದಾನೆ—ನಾಲ್ಕು, ಮೂರು—

ನಮಸ್ಕಾರ, ಹೇಳಿ, ನಿಮಗೆ ಯಾವ