ರಾಜಿಗೆ ಬುದ್ಧಿ ಹೇಳಿದ್ದು

ಎಡಿಸನ್, ನ್ಯೂಜೆರ್ಸಿ, ಮೇ 1991

ಸುಧಾಮಣಿ,

ಈ ಕಾಗದವನ್ನು ಪೋಸ್ಟ್ ಮಾಡುವುದಿಲ್ಲ. ಹ್ಯೂಸ್ಟನ್ನಿನಲ್ಲಿ ನಿನ್ನ ಗಂಡನ ಕೈಗೆ ಸಿಕ್ಕರೆ ನಿನಗೆ ಸುಮ್ಮನೆ ತೊಂದರೆ. ಆದರೂ ಇವತ್ತಿನ ಸಂಗತಿಯನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಬೆಳಿಗ್ಗೆ ನಿಮ್ಮಪ್ಪ ಫೋನ್ ಮಾಡಿ ನ್ಯೂಯಾರ್ಕಿನ ಫ್ಲಶಿಂಗ್ ದೇವಸ್ಥಾನದ ಕ್ಯಾಂಟೀನಿಗೆ ಕರೆದರು. ಹೌದು, "ಬೇಸ್‌ಬಾಲ್ ಲೆಕ್ಕ ಬರೆಯೋನಿಗೆ ಮಗಳನ್ನ ಕೊಡಲ್ಲ" ಎಂದಿದ್ದ ಅದೇ ನಿಮ್ಮಪ್ಪ. ಪಕ್ಕದಲ್ಲಿ ನಿನ್ನ ತಂಗಿ ರಾಜಿ. ಕಾಲೇಜು ಮುಗಿಸಿದ್ದಾಳೆ. ಅವಳಿಗೂ ಆಟಗಾರರ ಅಂಕಿಅಂಶ ಜಾಲಾಡುವ ನನ್ನ ಕೆಲಸವೇ ಬೇಕಂತೆ.

"ನೀವೇ ಬುದ್ಧಿ ಹೇಳಿ. ಇದರಲ್ಲಿ ಏನೇನು ಕಳ್ಕೋತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದು ಅವರು ಕಾಫಿ ತರಲು ಎದ್ದರು. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು.

ನಾನು ಪ್ರಾಮಾಣಿಕವಾಗಿಯೇ ಶುರುಮಾಡಿದೆ. "ಸಂಬಳ ಕಡಿಮೆ. 'ಯಾವತ್ತಾದರೂ ಬ್ಯಾಟ್ ಹಿಡಿದಿದ್ದೀಯಾ?' ಅಂತ ಕೋಚುಗಳು ನಗ್ತಾರೆ."

"ಆಮೇಲೆ?"

"ಆಮೇಲೆ ಒಂದು ದಿನ, ಎಲ್ಲರೂ ಕೈಬಿಟ್ಟ ಆಟಗಾರ ಒಳ್ಳೆಯವನು ಅಂತ ನಿನ್ನ ಕಂಪ್ಯೂಟರ್ ಹೇಳುತ್ತೆ. ಅವನನ್ನ ಆಡಿಸ್ತಾರೆ. ಗೆಲ್ಲಿಸಿಬಿಡ್ತಾನೆ!"

ಅಷ್ಟರಲ್ಲಿ ನನ್ನ ದೋಸೆ ಆರಿಹೋಗಿತ್ತು. ರಾಜಿ ನಕ್ಕಳು. "ಅಂಕಲ್, ಆರ್ ಯು ಸಾರಿ ಯು ಡಿಡ್ ಇಟ್?"

ಕೆಲಸದ ಬಗ್ಗೆ ಮಾತ್ರ ಕೇಳುತ್ತಿದ್ದಾಳೆ ಎಂದುಕೊಂಡು, "ಇಲ್ಲಮ್ಮ" ಎಂದೆ.

ನಿಮ್ಮಪ್ಪ ಕಾಫಿ ತಂದರು. "ಹೇಳಿದ್ರಾ?"

"ಹೇಳಿದೆ, ಸಾರ್."

ಸೋಮವಾರದಿಂದ ರಾಜಿ ನಮ್ಮ ಆಫೀಸಿಗೆ ಕೆಲಸ ಕಲಿಯಲು ಬರುತ್ತಾಳೆ. ಮನೆಯಲ್ಲಿ ಅವಳೇ ತಿಳಿಸಲಿ. ನಿಮ್ಮಪ್ಪನ ಮುಂದೆ ನಿಂತು ಅವರ ಮನೆಯ ಹುಡುಗಿಯನ್ನು ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ.

ಜಯರಾಮು